ನಿಲ್ದಾಣದ ಸುತ್ತ ವೃತ್ತ ಎಳೆದರೆ ಸಾಲದು

ಯಶವಂತಪುರ ಮೆಟ್ರೋ ಸುತ್ತ ಹೊಸ ಮನೆಗಳನ್ನು ಕಟ್ಟಲು ಜಾಗ ಗುರುತಿಸಲು 800 ಮೀಟರ್ ವೃತ್ತ ಸಾಕೇ ಎಂದು ಕೇಳಿದ್ದೀರಿ. ಸಾಲದು. ರೈಲು ಹಳಿಯ ಆಚೆಗಿನ ಸೈಟು ವೃತ್ತದೊಳಗೆ ಕಂಡರೂ ನಡೆಯುವ ದಾರಿ ಬಳಸುದಾರಿ. ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶದಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯ ರಸ್ತೆಗಳನ್ನು ಹಾಕಿ, ರಸ್ತೆ ಹಿಡಿದು ಇಷ್ಟು ದೂರದೊಳಗೆ ಎಲ್ಲೆಲ್ಲಿ ತಲುಪಬಹುದೆಂದು ತೋರಿಸುವ 'ಸರ್ವಿಸ್ ಏರಿಯಾ' ಓಡಿಸಿ. ಆರಂಭದ ಬಿಂದು ಪ್ಲಾಟ್‌ಫಾರ್ಮಿನ ನಡುವಲ್ಲ, ಒಂದೊಂದು ಮೆಟ್ಟಿಲ ಬುಡ. ಅದಕ್ಕೂ ಮೊದಲು ರಸ್ತೆ ಪದರವನ್ನು ಮೀಟರಿನಲ್ಲಿ ಅಳೆಯುವ ಯುಟಿಎಂ 43 ಉತ್ತರ ಎಂಬ ನಿರ್ದೇಶಾಂಕ ಪದ್ಧತಿಗೆ ಬದಲಿಸಿ. ಅಕ್ಷಾಂಶ-ರೇಖಾಂಶದ ಅಳತೆ ಡಿಗ್ರಿಯಲ್ಲಿರುತ್ತದೆ, ನಮಗೆ ಬೇಕಾದ್ದು ಮೀಟರು!

ಆಮೇಲೆ ಹುಡುಕಬೇಕಾದ್ದು ಖಾಲಿ ಸೈಟಲ್ಲ. ಒಂದೇ ಅಂತಸ್ತಿನ ಗೋದಾಮು, ಬಯಲು ಪಾರ್ಕಿಂಗ್, ಬಸ್ ನಿಲ್ದಾಣದ ಮೇಲಿನ ಜಾಗ. ಸರ್ವೆ ನಂಬರು ಕರ್ನಾಟಕ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸಿಗುತ್ತದೆ. ರಾಜಕಾಲುವೆಯ ಪಕ್ಕ ಕಟ್ಟದೆ ಬಿಡಬೇಕಾದ ಮೀಸಲು ಅಂತರ ಕಳೆಯಿರಿ, ಎದುರಿನ ರಸ್ತೆಯ ಅಗಲವನ್ನು ಟೇಪು ಹಿಡಿದೇ ಅಳೆಯಿರಿ: ಎಫ್‌ಎಆರ್ (ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಅನುಪಾತ) ನಿಂತಿರುವುದು ಅದರ ಮೇಲೆ, ನಕ್ಷೆಯಲ್ಲಿನ ಅಗಲ ನಂಬಬೇಡಿ.