ಬೆಂಕಿ ರೋಗದ ಶಿಲೀಂಧ್ರಕ್ಕ ಎಲೆ ಹೆಂಗ ಗೊತ್ತಾಗ್ತದ?

ಅಣ್ಣಾರ, ಸಿಂಧನೂರಿನ ನಿಮ್ಮ ಸೋನಾ ಮಸೂರಿ ಭತ್ತಕ್ಕ ಬೆಂಕಿ ರೋಗ ಬಿದ್ದದ್ದು ಓದಿ ಸಂಕಟ ಆತು. ಕಣ್ಣಿಲ್ಲದ ಶಿಲೀಂಧ್ರಕ್ಕ ಎಲೆ ಹೆಂಗ ಗೊತ್ತಾಗ್ತದ ಅಂತ ಕೇಳೀರಿ. ಮುಟ್ಟಿ ತಿಳ್ಕೋತದ್ರಿ. ಇಬ್ಬನಿ ಹನಿಯೊಳಗ ಬೀಜಕಣ ಮೊಳೆತು, ಎಲೆಯ ಗಟ್ಟಿತನ, ನೀರು ಅಂಟದ ಮೇಣ ತಾಗಿದ್ರ ಸಾಕು, ಒಳಗ ಸೈಕ್ಲಿಕ್ ಎಎಂಪಿ ಅನ್ನೋ ಸಂದೇಶವಾಹಕ ಏರ್ತದ, ಪಿಎಂಕೆ1 ಅನ್ನೋ ಕಿಣ್ವ (ಕೈನೇಸ್) ಚಾಲೂ ಆಗ್ತದ. ಮೊಳಕೆ ತುದಿ ಉಬ್ಬಿ ಗುಮ್ಮಟದಂಗ ಆಗ್ತದ. ಸುತ್ತ ಮೆಲನಿನ್ ಅನ್ನೋ ಬಣ್ಣದ ಕರೀ ಗೋಡೆ, ಒಳಗ ನೀರೆಳೆದು ಒತ್ತಡ ಏರಿಸೋ ಗ್ಲಿಸರಾಲ್. ಸುಮಾರು 80 ವಾಯುಮಂಡಲದಷ್ಟು ಒತ್ತಡದಿಂದ ಎಲೆ ಚುಚ್ಚತದ! ಪಿಎಂಕೆ1ರ ಜೀನ್ ತೆಗೆದ ಶಿಲೀಂಧ್ರ ಬೆಳೀತದ, ಆದರ ಎಲೆಯೊಳಗ ಹೊಗಂಗಿಲ್ಲ ಅಂತ 1996ರಾಗೇ ತೋರಿಸ್ಯಾರ.

ಟ್ರೈಸೈಕ್ಲಜೋಲ್ ಅನ್ನೋ ಶಿಲೀಂಧ್ರನಾಶಕ ತಡೆಯೋದು ಆ ಮೆಲನಿನ್ನನ್ನ; ಗೋಡೆ ಇಲ್ಲದ ಗುಮ್ಮಟ ಎಲೆ ಚುಚ್ಚಂಗಿಲ್ಲ. ಅದಕ್ಕೇ ಆಗಲೇ ಎದ್ದ ಕಣ್ಣಿನಾಕಾರದ ಚುಕ್ಕಿ ಅದರಿಂದ ಮಾಯಂಗಿಲ್ಲ, ಹೊಸ ಎಲೆ ಉಳೀತಾವ. ಯೂರಿಯಾ ಮಾತ್ರ ಸದ್ಯ ನಿಲ್ಲಸ್ರಿ, ಅದು ರೋಗಕ್ಕ ಅನುಕೂಲ ಆಗ್ತದ.