ಕೆರೆಯಂಚಿನ ಹಸಿರು ಜಿಗಿಹುಳು ಯಾವುದು? ನೆತ್ತಿ ನೋಡಿ

ಪ್ರಶ್ನೆ: ನಮ್ಮ ಗದ್ದೆ ಸಾಗರದ ಹತ್ತಿರ. ಪಕ್ಕದಲ್ಲೇ ಕೆರೆ ಕೋಡಿಯ ನೀರು ನಿಲ್ಲುವ ಜೌಗು ಜಾಗ ಇದೆ. ಅಲ್ಲಿನ ಹುಲ್ಲಿನಲ್ಲಿ ಅಕ್ಕಿಕಾಳಿಗಿಂತ ಚಿಕ್ಕ ಹಸಿರು ಹುಳುಗಳು ತುಂಬಾ ಇವೆ, ರೆಕ್ಕೆ ತುದಿ ಕಪ್ಪು. ರಾತ್ರಿ ಜಗಲಿಯ ದೀಪಕ್ಕೂ ಮುತ್ತುತ್ತವೆ. ಫೋಟೋ ಕಳಿಸಿದ್ದೇನೆ. ಇದು ಯಾವ ಹುಳು? ಆ ಹುಲ್ಲನ್ನು ಸುಟ್ಟುಬಿಡಬೇಕಾ?

ಉತ್ತರ: ಸುಡಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಮೊದಲು ಹುಳು ಯಾವುದು ನೋಡೋಣ.

ನಮ್ಮಲ್ಲಿ ಹಸಿರು ಜಿಗಿಹುಳು, ಕಂದು ಜಿಗಿಹುಳು ಎರಡಕ್ಕೂ ಹೆಸರು ಒಂದೇ, ಆದರೆ ಕುಟುಂಬ ಬೇರೆ ಬೇರೆ. ಹಿಂಗಾಲು ನೋಡಿದರೆ ಗೊತ್ತಾಗುತ್ತದೆ. ಕಂದು ಹುಳುವಿನ ಮೊಣಕಾಲ ಕೆಳಗಿನ ಭಾಗದ ತುದಿಯಲ್ಲಿ ಅಲ್ಲಾಡುವ ಒಂದು ದಪ್ಪ ಮುಳ್ಳು ಇರುತ್ತದೆ. ನಿಮ್ಮ ಹುಳುವಿಗೆ ಅಲ್ಲಿ ಬಾಚಣಿಗೆ ಹಲ್ಲಿನಂತೆ ಮುಳ್ಳಿನ ಸಾಲುಗಳಿವೆ. ಹಾಗಾಗಿ ಇದು ಸಿಕಾಡೆಲ್ಲಿಡೆ ಕುಟುಂಬದ್ದು. ಹಸಿರು ಮೈ, ಕಪ್ಪು ರೆಕ್ಕೆತುದಿ, 4-5 ಮಿಲಿಮೀಟರ್ ಉದ್ದ, ಇಷ್ಟು ಸೇರಿದರೆ ನೆಫೊಟೆಟಿಕ್ಸ್ ಕುಲ.

ಇಲ್ಲಿಗೆ ನಿಲ್ಲಿಸಿಬಿಡುವವರೇ ಜಾಸ್ತಿ. ಭತ್ತದ ಪುಸ್ತಕದಲ್ಲಿರುವ ಹುಳು ಇದೇ ಅಂತ ತೀರ್ಮಾನಿಸಿಬಿಡುತ್ತಾರೆ. ಆದರೆ ಈ ಕುಲದಲ್ಲಿ ಒಂದಕ್ಕಿಂತ ಹೆಚ್ಚು ಜಾತಿಗಳಿವೆ, ಎಲ್ಲವೂ ಹಸಿರೇ. ನೀವು ನೋಡಬೇಕಾದದ್ದು ನೆತ್ತಿ. ನಿಮ್ಮ ಎರಡನೇ ಫೋಟೋದಲ್ಲಿ ಎರಡು ಕಣ್ಣುಗಳ ನಡುವೆ, ನೆತ್ತಿಯ ಮುಂದಿನ ಅಂಚಿಗೆ ಸ್ವಲ್ಪ ಹಿಂದೆ, ತೆಳುವಾದ ಕಪ್ಪು ಪಟ್ಟಿ ಇದೆ, ಅಲ್ವಾ? ಅದು ನೆಫೊಟೆಟಿಕ್ಸ್ ನೈಗ್ರೊಪಿಕ್ಟಸ್‌ನ ಗುರುತು. ಆ ಹೆಸರಿನ ಅರ್ಥವೇ ಕಪ್ಪು ಬಳಿದದ್ದು ಅಂತ. ಗದ್ದೆಯಲ್ಲಿ ಹೆಚ್ಚು ಸಿಗುವ ಇನ್ನೊಂದು ಜಾತಿ ವೈರಸೆನ್ಸ್. ಅದಕ್ಕೆ ಈ ಪಟ್ಟಿ ಇಲ್ಲ. ಅದರ ಹಳೇ ಹೆಸರು ಇಂಪಿಕ್ಟಿಸೆಪ್ಸ್, ಅಂದರೆ ತಲೆಗೆ ಬಣ್ಣ ಬಳಿಯದ್ದು. ಈ ಎರಡು ಹೆಸರು ನೆನಪಿಟ್ಟುಕೊಂಡರೆ ಗುರುತು ಮರೆಯುವುದಿಲ್ಲ. ಹೆಣ್ಣಿಗೆ ಸಾಮಾನ್ಯವಾಗಿ ರೆಕ್ಕೆತುದಿ ಕಪ್ಪಿರುವುದಿಲ್ಲ, ತಿಳಿ ಕಂದು. ಅದಕ್ಕೇ ಗಂಡನ್ನೇ ನೋಡಿ.

ಹುಳು ಕೂತ ಗಿಡವೂ ಸುಳಿವು ಕೊಡುತ್ತದೆ. ನಿಮ್ಮ ಫೋಟೋದ ಹುಲ್ಲು ಲೀರ್ಸಿಯಾ ಹೆಕ್ಸಾಂಡ್ರದಂತೆ ಕಾಣುತ್ತದೆ. ಗರಿಯಂಚು ಕೈಗೆ ಗರಗಸದಂತೆ ತಾಗುತ್ತದಾ, ಗೆಣ್ಣಿನ ಸುತ್ತ ಬಿಳಿ ರೋಮ ಇದೆಯಾ ನೋಡಿ. ಇದು ಭತ್ತದ ಹತ್ತಿರದ ನಂಟ, ನೀರಿನಂಚಿನಲ್ಲೇ ಹಬ್ಬುತ್ತದೆ. ವೈರಸೆನ್ಸ್‌ಗೆ ಭತ್ತವೇ ಇಷ್ಟ. ನೈಗ್ರೊಪಿಕ್ಟಸ್ ಭತ್ತವನ್ನೂ ಹೀರುತ್ತದೆ, ಆದರೆ ಇಂಥ ಜೌಗು ಹುಲ್ಲಿನಲ್ಲಿ ಚೆನ್ನಾಗಿ ಬದುಕುತ್ತದೆ. ದೀಪಕ್ಕೆ ಬರುವುದು ಇದರ ಸಹಜ ಗುಣ. ಬಂಗಾಳದಲ್ಲಿ ಕಾಳಿಪೂಜೆ ಹೊತ್ತಿಗೆ ದೀಪ ಮುತ್ತುವ ಈ ಹಸಿರು ಹುಳುಗಳಿಗೆ ಶ್ಯಾಮಾಪೋಕಾ ಅಂತಲೇ ಹೆಸರು.

ಇನ್ನೊಂದು ವಿಷಯ ಹೇಳದೆ ಇರಲಾರೆ. ಈ ಕುಟುಂಬದ ಜಿಗಿಹುಳುಗಳು ತಮ್ಮ ಮೈಯಿಂದ ಒಂದು ದ್ರವ ಹೊರಹಾಕಿ ಕಾಲಿನಿಂದ ಮೈಗೆಲ್ಲ ಸವರಿಕೊಳ್ಳುತ್ತವೆ. ಅದು ಒಣಗಿದರೆ ಉಳಿಯುವುದು ಫುಟ್‌ಬಾಲ್‌ನಂಥ, ಒಳಗೆ ಟೊಳ್ಳಾದ ಕಣಗಳು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಮಾತ್ರ ಸರಿಯಾಗಿ ಕಾಣುವಷ್ಟು ಸಣ್ಣವು. ಬ್ರೋಕೊಸೋಮ್ ಅಂತ ಕರೆಯುತ್ತಾರೆ. ಈ ಲೇಪ ಇರುವುದರಿಂದ ನೀರಾಗಲಿ, ತಮ್ಮದೇ ಅಂಟು ಮಲವಾಗಲಿ ಮೈಗೆ ಹತ್ತುವುದಿಲ್ಲ.

ಈಗ ಸುಡುವ ಮಾತು. ಭತ್ತಕ್ಕೆ ವೈರಸ್‌ನಿಂದ ಬರುವ ಟುಂಗ್ರೊ ರೋಗ ಹರಡುವುದರಲ್ಲಿ ಮುಂದಿರುವುದು ವೈರಸೆನ್ಸ್. ನೈಗ್ರೊಪಿಕ್ಟಸ್‌ಗೂ ಹರಡಲು ಬರುತ್ತದೆ, ಅಷ್ಟು ಸಲೀಸಾಗಿ ಅಲ್ಲ. ರೋಗ ಹಿಡಿದ ಗಿಡ ಹೀರಿದ ಮೇಲಷ್ಟೇ ವೈರಸ್ ಸಿಗುತ್ತದೆ, ಮೊಟ್ಟೆಗೆ ದಾಟುವುದಿಲ್ಲ. ಹಾಗಾಗಿ ಗದ್ದೆಯಲ್ಲಿ ಗಿಡ ಕುಳ್ಳಾಗಿ ಎಲೆ ಕಿತ್ತಳೆ ಬಣ್ಣಕ್ಕೆ ತಿರುಗಿದೆಯಾ ಅಂತ ಮೊದಲು ನೋಡಿ. ಇಲ್ಲದಿದ್ದರೆ ಜೌಗನ್ನು ಸುಮ್ನೆ ಬಿಡಿ. ಜಿಗಿಹುಳು ತಿನ್ನುವ ಜೇಡ, ಜಿಗಿಹುಳುವಿನ ಮೊಟ್ಟೆಯೊಳಗೆ ಬೆಳೆಯುವ ಪುಟ್ಟ ಕಣಜ, ಎಲ್ಲಕ್ಕೂ ಆ ಹುಲ್ಲೇ ಮನೆ. ಬೆಂಕಿ ಇಟ್ಟರೆ ಅವೂ ಹೋಗುತ್ತವೆ, ಹಾರಬಲ್ಲ ಜಿಗಿಹುಳುಗಳು ನಿಮ್ಮ ಗದ್ದೆಗೇ ಬರುತ್ತವೆ.

ನಾನು ಹೇಳಿದ್ದು ಫೋಟೋ ನೋಡಿ. ಪೂರ್ತಿ ಖಾತ್ರಿ ಬೇಕಾದರೆ ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನಾಲ್ಕೈದು ಗಂಡುಗಳನ್ನು ಆಲ್ಕೋಹಾಲ್ ತುಂಬಿದ ಸಣ್ಣ ಸೀಸೆಗೆ ಹಾಕಿ. ಊರು, ತಾರೀಖು, ಯಾವ ಹುಲ್ಲು ಅಂತ ಪೆನ್ಸಿಲ್‌ನಲ್ಲಿ ಚೀಟಿ ಬರೆದು ಒಳಗೇ ಇಡಿ. ಪೆನ್ನಿನ ಶಾಯಿ ಕರಗಿಹೋಗುತ್ತದೆ.