"ಒಟ್ಟಿಗೇ ಹೋಗುವ ಅಂದಿದ್ದೆವು"

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಉಂಟು.

ಉಡುಪಿಯಲ್ಲಿ ನಾನು ಆಪ್ತಸಮಾಲೋಚಕಿ. ಅರುವತ್ತೆಂಟರ ಅವರನ್ನು ನನ್ನ ಹತ್ತಿರ ಕರೆತಂದದ್ದು ಮಗಳು. ಹೆಂಡತಿ ತೀರಿಕೊಂಡು ನಾಲ್ಕು ತಿಂಗಳು. ಶಂಕರಪುರದ ಆಸುಪಾಸಿನಲ್ಲಿ ಇಬ್ಬರೂ ಸೇರಿ ಮಲ್ಲಿಗೆ ಬೆಳೆದವರು. ಬೆಳಗಿನ ಜಾವ ಇವರು ಮೊಗ್ಗು ಕೊಯ್ಯುವುದು, ಆಕೆ ಬಾಳೆನಾರಿನಲ್ಲಿ ಕಟ್ಟುವುದು. ಹೂ ಮಾರುವ ಲೆಕ್ಕದಲ್ಲಿ ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಈಗ ಮೊಗ್ಗು ಗಿಡದಲ್ಲೇ ಅರಳಿ ಉದುರುತ್ತಿತ್ತು.

"ಊಟ ಸೇರುವುದಿಲ್ಲ, ನಿದ್ದೆ ಇಲ್ಲ" ಎಂದರು ಮಗಳು. ಅವರು ಸುಮ್ಮನೆ ಕೂತಿದ್ದರು. ಮಗಳನ್ನು ಹೊರಗೆ ಕೂರಿಸಿ ನೇರವಾಗಿಯೇ ಕೇಳಿದೆ: "ಸಾಯಬೇಕು ಅಂತ ಅನ್ನಿಸ್ತದಾ?"

ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅಂತ ಹೆದರುವವರು ಜಾಸ್ತಿ. ಹಾಗೆ ಆಗುವುದಿಲ್ಲ. ಅವರಂತೂ ಭಾರ ಇಳಿಸಿದವರ ಹಾಗೆ ಉಸಿರು ಬಿಟ್ಟರು.

"ಒಟ್ಟಿಗೇ ಹೋಗುವ ಅಂದಿದ್ದೆವು ಮೇಡಂ. ನಾನು ಮಾತು ತಪ್ಪಿದೆ."

'ಸಾವಿನಲ್ಲೂ ಒಂದಾದ ದಂಪತಿ' ಎಂಬ ತಲೆಬರಹ ನನಗೆ ಯಾವತ್ತೂ ಸಿಟ್ಟು ತರಿಸುತ್ತದೆ. ಓದಿದವರು 'ಪುಣ್ಯವಂತರು' ಅನ್ನುತ್ತಾರೆ. ಬದುಕಿ ಉಳಿದವರಿಗೆ ಅದು ಹೇಗೆ ಕೇಳಿಸುತ್ತದೆ ಅಂತ ಯಾರೂ ಯೋಚಿಸುವುದಿಲ್ಲ. ಉಳಿದದ್ದೇ ತಪ್ಪು ಅನ್ನುವ ಹಾಗೆ ಇವರಿಗೆ ಕೇಳಿಸಿತ್ತು.

ಆ ಮಾತು ಯಾವಾಗ ಆಡಿದ್ದು ಅಂತ ಕೇಳಿದೆ. ಇಪ್ಪತ್ತು ವರ್ಷದ ಹಿಂದೆ, ಹೂ ಕಟ್ಟುತ್ತಾ, ನಗಾಡಿಕೊಂಡು. ಆಸ್ಪತ್ರೆಯಲ್ಲಿ ಆಕೆ ಕೊನೆಗೆ ಏನು ಹೇಳಿದರು? ತುಂಬಾ ಹೊತ್ತು ಮಾತಿಲ್ಲ. ಮತ್ತೆ ಮೆಲ್ಲಗೆ, "ಬಿಪಿ ಮಾತ್ರೆ ಬಿಡಬೇಡಿ, ಗಿಡಕ್ಕೆ ನೀರು ಬಿಡಿ ಅಂದಳು."

"ಅದೂ ಅವರದ್ದೇ ಮಾತು ಅಲ್ವಾ ಮಾರಾಯ್ರೆ?"

ಆಗ ಅತ್ತರು. ಉತ್ತರಕ್ರಿಯೆಯ ದಿನವೂ ಅತ್ತಿರಲಿಲ್ಲವಂತೆ.

ಅತ್ತರು ಅಂತ ಅಪಾಯ ಕಳೆಯುವುದಿಲ್ಲ. ಅವರ ಒಪ್ಪಿಗೆ ಪಡೆದು ಮಗಳನ್ನು ಒಳಗೆ ಕರೆದೆ. ಮಗಳ ಮೊದಲ ಪ್ರಶ್ನೆ, "ಪೊಲೀಸ್ ಕೇಸ್ ಆಗ್ತದಾ?" ಸಾಯಬೇಕು ಅನ್ನಿಸುತ್ತದೆ ಎಂದು ಬಾಯಿಬಿಟ್ಟು ಹೇಳುವುದು ಅಪರಾಧವೇ ಅಲ್ಲ. ಪ್ರಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿದ್ದವರೆಂದೇ ನೋಡಬೇಕು, ಸರ್ಕಾರ ಆರೈಕೆ ಕೊಡಬೇಕು ಅನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ. ತೀರಿಕೊಂಡ ಹೆಂಡತಿಯ ಕಾಯಿಲೆಯ ಔಷಧಗಳು ಮನೆಯಲ್ಲಿ ಮಿಕ್ಕಿದ್ದವು. ಅವನ್ನು ಅಂದೇ ಮನೆಯಿಂದ ಹೊರಗೆ ಸಾಗಿಸಲು ಹೇಳಿದೆ. ಕೆಲವು ವಾರ ತಂದೆ ಒಬ್ಬರೇ ಮಲಗಬಾರದು ಎಂದೆ. ಅಂದೇ ಮಧ್ಯಾಹ್ನ ಮನೋವೈದ್ಯರ ಹತ್ತಿರ ಕಳಿಸಿದೆ.

ದುಃಖಕ್ಕೆ ಕಾಯಿಲೆಯ ಹೆಸರು ಇಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 'ದೀರ್ಘಕಾಲದ ಶೋಕ' ಅನ್ನಲು ಕನಿಷ್ಠ ಆರು ತಿಂಗಳು ಆಗಿರಬೇಕು. ಇವರಿಗೆ ನಾಲ್ಕೇ. ಆದರೆ ಸಾಯುವ ಯೋಚನೆಗೆ ಆ ಲೆಕ್ಕ ಇಲ್ಲ, ಅದಕ್ಕೆ ಅಂದೇ ನೆರವು ಬೇಕು.

ಅವರಿಗೆ ಅತಿ ಕಷ್ಟದ ಹೊತ್ತು ಬೆಳಗಿನ ಜಾವ, ಇಬ್ಬರೂ ಏಳುತ್ತಿದ್ದ ಹೊತ್ತು. ಹಾಗಾಗಿ ಆ ಹೊತ್ತಿಗೇ ಒಂದು ವ್ಯವಸ್ಥೆ ಮಾಡಿದೆವು. ಎದ್ದ ಕೂಡಲೇ ಮಗಳಿಗೆ ಫೋನ್. ಅವರು ಎತ್ತದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಅದು ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡರು. ಒಮ್ಮೆ ಫೋನ್ ಮಾಡಿಯೂ ಮಾಡಿದರು.

ಮನೆಯವರಿಗೆ ನಾನು ಹೇಳಿದ್ದು ಇಷ್ಟೇ: 'ಧೈರ್ಯ ತಂದುಕೊಳ್ಳಿ' ಅನ್ನಬೇಡಿ. ಆಕೆಯ ಹೆಸರು ಹೇಳಿ ಮಾತಾಡಿ.

ಎಂಟನೇ ಸಲ ಬಂದಾಗ ಬಾಳೆಎಲೆಯಲ್ಲಿ ಒಂದು ಪೊಟ್ಟಣ ತಂದಿದ್ದರು. ಕೊಯ್ದದ್ದು ಇವರು, ಕಟ್ಟಿದ್ದು ಪಕ್ಕದ ಮನೆಯ ಹುಡುಗಿ.

"ನಾನೂ ಕಟ್ಟಿ ನೋಡಿದೆ. ಅರ್ಧಕ್ಕೇ ಬಿಚ್ಚಿಹೋಯ್ತು," ಅಂದರು. "ಅವಳಿದ್ದಿದ್ದರೆ ಬೈಯ್ತಿದ್ದಳು."